ಪಿಂಗ್, ಪಾಂಗ್ ಮತ್ತು ಊಟ ಆಯ್ತಾ

ಐದನೇ ಸೆಮ್‌ನಲ್ಲಿ ಸಿ.ಎನ್. ಲ್ಯಾಬ್‌ಗೆ ಮಿನಿ ಪ್ರಾಜೆಕ್ಟ್ ಮಾಡಬೇಕಿತ್ತು. ಬ್ಯಾಚ್‌ನಲ್ಲಿ ಅರ್ಧಕ್ಕರ್ಧ ಜನ ಯಾವುದೋ ವಿಡಿಯೋ ನೋಡಿ ಚಾಟ್ ಆಪ್ ಮಾಡ್ತಿದ್ರು. ನಾನು ಸ್ವಲ್ಪ ಬೇರೆ ಥರ ಇರಲಿ ಅಂತ ಐಆರ್‌ಸಿ ಆರಿಸಿಕೊಂಡೆ. ಇಂಟರ್ನೆಟ್ ರಿಲೇ ಚಾಟ್. ನಮ್ಮಲ್ಲಿ ಯಾರೂ ಹುಟ್ಟೋಕ್ ಮುಂಚೆ, 1988ರ ಆಗಸ್ಟ್‌ನಲ್ಲಿ, ಫಿನ್‌ಲ್ಯಾಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೋ ಓಯ್ಕಾರಿನೆನ್ ಅನ್ನೋರು ಬರೆದ ಚಾಟ್ ವ್ಯವಸ್ಥೆ. ಇವತ್ತಿಗೂ ಓಡ್ತಿದೆ. ಆರಿಸಿಕೊಂಡಿದ್ದಕ್ಕೆ ನಿಜವಾದ ಕಾರಣ ಏನಪ್ಪಾ ಅಂದ್ರೆ, ಅದರಲ್ಲಿ ಎಲ್ಲಾ ಬರೀ ಪಠ್ಯ. ಒಂದು ಸಾಕೆಟ್ ತೆರೆದು, ಎರಡು ಸಾಲು ಕಳಿಸಿ ನಿಮ್ಮ ಅಡ್ಡಹೆಸರು ಹೇಳಿ, ಇನ್ನೊಂದು ಸಾಲು ಕಳಿಸಿದ್ರೆ ಚಾನೆಲ್ ಒಳಗೆ ಇರ್ತೀರಿ. ಪೈಥಾನ್‌ನಲ್ಲಿ ಅರವತ್ತು ಸಾಲಿನ ಕೆಲಸ. ಫ್ರಂಟ್ ಎಂಡ್ ತಲೆನೋವೇ ಇಲ್ಲ.

ಕ್ಯಾಂಪಸ್ ವೈಫೈನಲ್ಲಿ 6667 ಪೋರ್ಟ್ ತೆರೆಯಲ್ಲ, ಅದು ನಿಮಗೂ ಗೊತ್ತಿರತ್ತೆ. ಮೊಬೈಲ್ ಹಾಟ್‌ಸ್ಪಾಟ್ ಹಾಕ್ಕೊಂಡು ಕೂತೆ. ಕನೆಕ್ಟ್ ಆಯ್ತು. ಖುಷಿಯಾಗಿ ರೂಮ್‌ಮೇಟ್‌ನ ಎಬ್ಬಿಸಿ ತೋರಿಸಿದೆ. ಅವನು ಕಣ್ಣುಜ್ಜಿಕೊಂಡು ನೋಡೋ ಹೊತ್ತಿಗೆ ಸರ್ವರ್ ನನ್ನನ್ನ ಹೊರಗೆ ಹಾಕಿತ್ತು. ‘ಪಿಂಗ್ ಟೈಮ್‌ಔಟ್’. ಮತ್ತೆ ಒಳಗೆ ಹೋದೆ, ಕೆಲವೇ ನಿಮಿಷಕ್ಕೆ ಮತ್ತೆ ಹೊರಗೆ. ಎರಡು ರಾತ್ರಿ ಇದೇ ಆಯ್ತು. ಹಾಟ್‌ಸ್ಪಾಟ್ ಬೈದೆ, ಸಿಮ್ ಬೈದೆ, ಪೈಥಾನ್ ಬೈದೆ.

ಕೊನೆಗೆ ಆರ್‌ಎಫ್‌ಸಿ 1459 ತೆರೆದು ಓದಿದೆ. 1993ರ ಮೇ ತಿಂಗಳ ದಾಖಲೆ ಅದು. ವಿಷಯ ಇಷ್ಟೇ: ನೀವು ಸುಮ್ಮನೆ ಕೂತಿದ್ರೆ ಸರ್ವರ್ ಆಗಾಗ ‘ಪಿಂಗ್’ ಅಂತ ಒಂದು ಸಾಲು ಕಳಿಸತ್ತೆ. ತಿರುಗಿ ‘ಪಾಂಗ್’ ಅನ್ನಬೇಕು. ಅನ್ನದಿದ್ರೆ ಇವನು ಹೋದ ಅಂತ ತೀರ್ಮಾನ ಮಾಡಿ ಬಾಗಿಲು ಹಾಕತ್ತೆ. ಗಮನಿಸಿ, ಈ ಪಿಂಗ್ ಕಳಿಸೋದು ಆ ಕಡೆ ಕೂತಿರೋ ಗೆಳೆಯ ಅಲ್ಲ, ನಡುವೆ ಇರೋ ಸರ್ವರ್. ನನ್ನ ಪ್ರೋಗ್ರಾಮ್ ಅದನ್ನೂ ಯಾರೋ ಕಳಿಸಿದ ಮೆಸೇಜ್ ಅಂದ್ಕೊಂಡು ಸ್ಕ್ರೀನ್ ಮೇಲೆ ಪ್ರಿಂಟ್ ಮಾಡಿ ಸುಮ್ಮನಾಗ್ತಿತ್ತು. ಎರಡು ಸಾಲು ಸೇರಿಸಿದೆ, ಸರಿಹೋಯ್ತು.

ಆ ವಾರ ದೀಪಾವಳಿಗೆ ಭದ್ರಾವತಿಗೆ ಹೋಗಿದ್ದೆ, ಅಜ್ಜಿ ಮನೆಗೆ. ಸೋದರಮಾವನಿಗೆ ಈ ಪಿಂಗ್-ಪಾಂಗ್ ಪುರಾಣ ಹೇಳಿದೆ. ಮಾವನದ್ದು ಬಸ್ ಸ್ಟ್ಯಾಂಡ್ ಹತ್ರ ಜೆರಾಕ್ಸ್ ಅಂಗಡಿ. ಪಾನ್ ಕಾರ್ಡ್, ಕರೆಂಟ್ ಬಿಲ್, ರಿಸಲ್ಟ್ ಪ್ರಿಂಟ್‌ಔಟ್ ಇತ್ಯಾದಿ. 2001ರಿಂದ ಸುಮಾರು 2010ರವರೆಗೆ ಅದೇ ಜಾಗ ಸೈಬರ್ ಕೆಫೆ ಆಗಿತ್ತು ಅಂತ ಗೊತ್ತಿತ್ತು, ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಮಾವ ನಕ್ಕು, “ಅಳಿಯಾ, ನಾವು ಹಿಂಗೇ ಎಷ್ಟು ಸಲ ದುಬೈನ ಕಳ್ಕೊಂಡಿದೀವಿ ಗೊತ್ತಾ” ಅಂದ್ರು. ಆಮೇಲೆ ರಾತ್ರಿ ಹನ್ನೊಂದೂವರೆ ತನಕ ಮಾತು.

ಆರು ಕಂಪ್ಯೂಟರ್, ಒಂದೇ ಡಯಲ್-ಅಪ್ ಲೈನ್. ಮೋಡೆಮ್ ಕಿರ್ ಕಿರ್ ಅಂತ ಹಾಡಿ ಕನೆಕ್ಟ್ ಆಗಬೇಕು, ಆ ಒಂದು ಲೈನನ್ನ ಆರು ಜನ ಹಂಚಿಕೊಳ್ಳಬೇಕು. ಗಂಟೆಗೆ ಮೂವತ್ತು ರೂಪಾಯಿ. ಬರೋರಲ್ಲಿ ಮುಕ್ಕಾಲು ಪಾಲು ಯಾಹೂ ಚಾಟ್‌ಗೇ ಬರ್ತಿದ್ರಂತೆ. ಈಗಿನ ಗ್ರೂಪ್‌ಗಳ ಥರ ಅಲ್ಲ ಅದು. ಗ್ರೂಪ್‌ಗೆ ನಿಮ್ಮನ್ನ ಯಾರೋ ಸೇರಿಸ್ತಾರೆ, ಅಲ್ಲಿರೋರೆಲ್ಲ ಗೊತ್ತಿರೋರೇ. ಚಾಟ್ ರೂಮ್‌ಗೆ ನೀವೇ ನಡ್ಕೊಂಡು ಹೋಗ್ತೀರಿ, ಒಳಗೆ ನಲವತ್ತು ಜನ, ಒಬ್ಬರೂ ಗೊತ್ತಿಲ್ಲ. ತುಂಬಿ ಹೋದ್ರೆ ಅದೇ ಹೆಸರಿನ ಮುಂದೆ 2, 3 ಅಂತ ಹೊಸ ರೂಮ್. ಒಳಗೆ ಕಾಲಿಟ್ಟ ತಕ್ಷಣ ಮೊದಲ ಪ್ರಶ್ನೆ ‘ಎ-ಎಸ್-ಎಲ್’. ವಯಸ್ಸು, ಗಂಡೋ ಹೆಣ್ಣೋ, ಯಾವೂರು. ನಮ್ಮೂರ ಬಸ್ಸಲ್ಲಿ ಪಕ್ಕ ಕೂತೋರು ಕೇಳೋದೂ ಹೆಚ್ಚುಕಮ್ಮಿ ಇದೇ ಬಿಡಿ, ಜಾತಿ ಒಂದು ಎಕ್ಸ್‌ಟ್ರಾ.

ಎಲ್ಲಾ ಸಿಹಿ ಅಂತ ನಾನೇನೂ ಹೇಳ್ತಿಲ್ಲ. ನಮ್ಮ ಲ್ಯಾಬ್‌ನ ಮೇಡಂ ಒಬ್ಬರಿಗೆ ಪ್ರಾಜೆಕ್ಟ್ ತೋರಿಸ್ತಾ ಕೇಳಿದಾಗ ಅವರು ಹೇಳಿದ್ದು ಬೇರೆ ಕಥೆ. ಅವರು ಬಿಇ ಓದುವಾಗ ಚಾಟ್ ರೂಮ್‌ಗೆ ಹುಡುಗನ ಹೆಸರಲ್ಲೇ ಹೋಗ್ತಿದ್ರಂತೆ. ಹುಡುಗಿ ಹೆಸರು ಹಾಕಿದ್ರೆ ಒಂದು ನಿಮಿಷಕ್ಕೆ ಹತ್ತು ಕಿಟಕಿ ತೆರೆದುಕೊಳ್ತಿದ್ವು, ಓದೋಕೆ ಯೋಗ್ಯವಾದದ್ದು ಒಂದೂ ಇರ್ತಿರಲಿಲ್ಲ. ಹುಡುಗನ ಹೆಸರಲ್ಲಿ ಒಬ್ಬನ ಜೊತೆ ಒಂದು ತಿಂಗಳು ಸಿ ಪಾಯಿಂಟರ್ ಬಗ್ಗೆ ಜಗಳ ಆಡಿದ್ರಂತೆ. ಅವನು ಇವರನ್ನ ‘ಗುರು’ ಅಂತ ಕರೀತಿದ್ದ. ಒಂದು ದಿನ ನಂಬಿಕೆ ಬಂದು ನಿಜ ಹೇಳಿದ್ರು. ಮಾರನೇ ದಿನ ಪಾಯಿಂಟರ್ ಮಾತು ನಿಂತುಹೋಯ್ತು, ಫೋಟೋ ಕಳಿಸು ಅಂದ. ಮೇಡಂ ಆ ಹೆಸರನ್ನೇ ಬಿಟ್ಟು ಬೇರೆ ಹೆಸರು ಮಾಡ್ಕೊಂಡ್ರು, ಅದೂ ಹುಡುಗನದ್ದೇ. “ಮಾತಾಡೋಕೆ ಒಬ್ಬ ಸಿಕ್ಕಿದ್ದ, ಅವನೂ ಹೋದ” ಅಂದ್ರು. ಇಪ್ಪತ್ತು ವರ್ಷ ಆದ್ಮೇಲೂ ಅವರ ದನಿಯಲ್ಲಿ ಬೇಜಾರಿತ್ತು.

ಮಾವನ ಕೆಫೆಗೆ ವಾಪಸ್ ಬರೋಣ. ಅಲ್ಲಿ ಶುಕ್ರವಾರ ಸಂಜೆ ಒಂದು ಬೇರೆಯೇ ಗುಂಪು ಸೇರ್ತಿತ್ತು. ದುಬೈನಲ್ಲಿ ಆಗ ಶುಕ್ರವಾರ ವಾರದ ರಜೆ. ನಮ್ಮೂರ ಕಡೆಯ ನಾಲ್ಕೈದು ಹುಡುಗರು, ಎಲೆಕ್ಟ್ರಿಷಿಯನ್, ಫಿಟ್ಟರ್, ವೆಲ್ಡರ್ ಕೆಲಸಕ್ಕೆ ಹೋದೋರು, ಅಲ್ಲಿಯ ಒಂದು ಕೆಫೆಯಲ್ಲಿ ಸೇರ್ತಿದ್ರು. ಐಎಸ್‌ಡಿ ಕರೆಗೆ ನಿಮಿಷಕ್ಕೆ ಹತ್ತಾರು ರೂಪಾಯಿ ಇದ್ದ ಕಾಲ. ಮೈಕ್ ಹಾಕಿ ಮಾತಾಡೋಣ ಅಂದ್ರೆ ಡಯಲ್-ಅಪ್‌ನಲ್ಲಿ ಒಂದು ‘ಹಲೋ’ ಮೂರು ತುಂಡಾಗಿ ಬರ್ತಿತ್ತು. ಹಾಗಾಗಿ ಟೈಪಿಂಗೇ ಗತಿ. ಯಾಹೂನಲ್ಲಿ ಬಳಕೆದಾರರೇ ತಮ್ಮದೊಂದು ರೂಮ್ ಮಾಡ್ಕೋಬಹುದಿತ್ತು, ಆ ಹುಡುಗರು ಊರ ಹೆಸರಲ್ಲಿ ಒಂದು ಮಾಡಿದ್ರು. ನಮ್ಮ ಕಡೆ ಆರು ಗಂಟೆ ಅಂದ್ರೆ ಅಲ್ಲಿ ನಾಲ್ಕೂವರೆ. ಐದು ಹುಡುಗರಿಗೆ ಅಲ್ಲಿ ಎರಡು ಕಂಪ್ಯೂಟರ್, ಇಲ್ಲಿ ಅಷ್ಟೂ ಮನೆಯೋರಿಗೆ ಮಾವನ ಒಂದನೇ ನಂಬರ್ ಕಂಪ್ಯೂಟರ್.

ಇಲ್ಲಿ ಬರೋರಿಗೆ ಟೈಪ್ ಮಾಡೋಕೆ ಬರಲ್ಲ. ಕೆಲವರಿಗೆ ಓದೋಕೂ ಬರಲ್ಲ, ಓದೋಕೆ ಬಂದ್ರೂ ಅಲ್ಲಿರೋದು ಇಂಗ್ಲಿಷ್ ಅಕ್ಷರದ ಕನ್ನಡ. ಮಾವ ಕೀಬೋರ್ಡ್ ಮುಂದೆ, ಅವರ ಸುತ್ತ ಪ್ಲಾಸ್ಟಿಕ್ ಸ್ಟೂಲ್ ಹಾಕ್ಕೊಂಡು ಉಳಿದೋರು. ಮಿಲ್‌ನಲ್ಲಿ ರಿಟೈರ್ ಆದ ಅಜ್ಜ ಒಬ್ಬರು, ಮೊಮ್ಮಗನಿಗೆ ಪ್ರತಿ ವಾರ ಹೇಳ್ತಿದ್ದಿದ್ದು ಒಂದೇ, ‘ದುಡ್ಡು ಜೋಪಾನ’. ಆಗಷ್ಟೇ ಮದುವೆಯಾದ ಒಬ್ಬ ಹೆಂಗಸು ಅತ್ತೆ ಜೊತೆ ಬರ್ತಿದ್ರು. ಗಂಡನಿಗೆ ಹೇಳಬೇಕಾದ್ದನ್ನ ಅತ್ತೆ ಮುಂದೆ ನನ್ನ ಮಾವನ ಬಾಯಲ್ಲಿ ಹೇಳಿಸೋಕೆ ಆಗುತ್ತಾ? ಪಿಯುಸಿ ಓದಿದ್ರು, ಎಲ್ಲರೂ ಎದ್ದ ಮೇಲೆ ಎರಡೇ ನಿಮಿಷ ಕೂತು ಏನೋ ಟಪಟಪ ಅಂತ ಒತ್ತಿ, ಕಿಟಕಿ ಮುಚ್ಚಿ ಹೋಗ್ತಿದ್ರಂತೆ. ಆ ಎರಡು ನಿಮಿಷಕ್ಕೆ ಮಾವ ದುಡ್ಡು ತಗೊಳ್ತಿರಲಿಲ್ಲ.

ಇವರೆಲ್ಲರ ನಡುವೆ ಹೂವಿನಕ್ಕ. ಬಸ್ ಸ್ಟ್ಯಾಂಡ್ ಎದುರು ಹೂ ಮಾರ್ತಿದ್ರು. ಬುಟ್ಟಿ ಸಮೇತ ಬಂದು ಕೂರೋರು, ಕೈ ಹೂ ಕಟ್ತಾನೇ ಇರ್ತಿತ್ತು. ಒಬ್ಬನೇ ಮಗ. ಅಕ್ಕ ಹೇಳೋದು, ಮಾವ ಒತ್ತೋದು, ಆ ಕಡೆಯಿಂದ ಬಂದದ್ದನ್ನ ಮಾವ ಗಟ್ಟಿಯಾಗಿ ಓದೋದು. “ಮಳೆ ಬಂತು ಅಂತ ಹಾಕು.” “ಅಲ್ಲಿ ಮಳೆಯೇ ಇಲ್ವಂತೆ ಅಕ್ಕಾ.” “ಪಾಪ ಅನ್ನು.” ಇಂಥವೇ ಮಾತು. ಲೈನ್ ಕಟ್ಟಾದ್ರೆ ಎಲ್ಲರೂ ಮೋಡೆಮ್ ಕಡೆ ನೋಡ್ತಾ ಕೂರೋರು.

2004ರ ಬೇಸಿಗೆಯಲ್ಲಿ ಒಂದು ಶುಕ್ರವಾರ ಹೂವಿನಕ್ಕನ ಮಗನ ಉತ್ತರ ಬಹಳ ನಿಧಾನಕ್ಕೆ ಬರೋಕೆ ಶುರುವಾಯ್ತು. ಅದೂ ಒಂದೊಂದೇ ಪದ. ಮಾವ ಪ್ರೈವೇಟ್ ಕಿಟಕಿಯಲ್ಲಿ ‘ಏನಾಯ್ತೋ’ ಅಂತ ಕೇಳಿದ್ರು. ಸೈಟ್‌ನಲ್ಲಿ ಬಿದ್ದು ಬಲಗೈ ಮುರಿದಿದೆ, ಎಡಗೈಲಿ ಟೈಪ್ ಮಾಡ್ತಿದೀನಿ, ಅಮ್ಮಂಗೆ ಹೇಳಬೇಡಿ ಅಣ್ಣಾ ಅಂತ ಬಂತು. ಪಕ್ಕದಲ್ಲಿ ಅಕ್ಕ ಮಲ್ಲಿಗೆ ಕಟ್ತಾ, “ಏನಂತೆ?” ಅಂದ್ರು. ಮಾವ, “ಲೈನ್ ಸ್ಲೋ ಇದೆ ಅಕ್ಕಾ” ಅಂದ್ರು.

ಐದು ವಾರ ಲೈನ್ ಸ್ಲೋ ಇತ್ತು.

ಮಾವನಿಗೆ ಆಗ ಇಪ್ಪತ್ತಾರೋ ಇಪ್ಪತ್ತೇಳೋ. ನನಗಿಂತ ಆರೇಳು ವರ್ಷ ದೊಡ್ಡೋರು ಅಷ್ಟೇ. ಒಂದು ಕಡೆ ನಂಬಿ ಗುಟ್ಟು ಹೇಳಿದ ಹುಡುಗ, ಇನ್ನೊಂದು ಕಡೆ ನಂಬಿ ಪಕ್ಕದಲ್ಲಿ ಕೂತ ತಾಯಿ, ನಡುವೆ ಇವರು. ಅವನು ಬರೆದ ಒಂದು ಪದವನ್ನ ಇವರು ಒಂದು ವಾಕ್ಯ ಮಾಡಿ ಓದೋರು. ‘ಹೂಂ’ ಅಂತ ಬಂದ್ರೆ, “ಹೂಂ ಅಮ್ಮಾ, ಎಲ್ಲಾ ಚೆನ್ನಾಗಿದೆ, ಕೆಲಸ ಜೋರಾಗಿದೆ ಅಂತಿದಾನೆ” ಅನ್ನೋರು. ಇನ್ನೊಬ್ಬರ ಹುಡುಗ ರೂಮ್‌ನಲ್ಲಿ ಬಾಯಿತಪ್ಪಿ ಏನಾದ್ರೂ ಬರೆದುಬಿಟ್ರೆ ಅಂತ ಸ್ಕ್ರೀನನ್ನ ಸ್ವಲ್ಪ ತಿರುಗಿಸಿ ಇಟ್ಕೊಂಡಿದ್ರಂತೆ. ಓದೋಕೆ ಬರದೋರ ಎದುರು ಸ್ಕ್ರೀನ್ ತಿರುಗಿಸಿದ್ದು ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ ಅಂದ್ರು ಮಾವ.

ಆರನೇ ಶುಕ್ರವಾರ ಅಕ್ಕ ಹೂ ಕಟ್ಟೋದು ನಿಲ್ಲಿಸಿದ್ರು. “ಲೈನಿಗೆ ಏನಾಗಿದೆಯೋ ನಂಗೊತ್ತಿಲ್ಲ ತಮ್ಮಾ. ಓದೋವಾಗ ನಿನ್ ಮುಖ ಯಾಕೆ ಹಂಗಾಗುತ್ತೆ, ಅದನ್ನ ಹೇಳು.”

ಅವರು ಆರು ವಾರವೂ ಸ್ಕ್ರೀನ್ ನೋಡಿರಲೇ ಇಲ್ಲ. ಮಾವನ ಮುಖ ನೋಡ್ತಾ ಕೂತಿದ್ರು.

ಮಾವ ಹೇಳಿದ್ರು, ಪೂರ್ತಿ. ಅಕ್ಕ ಬೈತಾರೆ, ಅಳ್ತಾರೆ ಅಂದ್ಕೊಂಡಿದ್ರು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಲಗೈ ಅಂದ್ಯಲ್ಲ, ಊಟ ಹೆಂಗ್ ಮಾಡ್ತಾನೆ ಕೇಳು” ಅಂದ್ರು. ಕೇಳಿದ್ರು. ತುಂಬಾ ಹೊತ್ತಾದ ಮೇಲೆ ‘ಎಡಗೈಲಿ ಚಮಚ’ ಅಂತ ಬಂತು. ಆಮೇಲೆ ಅಕ್ಕ ಬುಟ್ಟಿ ಕೆಳಗಿಟ್ಟು, ಇವತ್ತು ನಾನೇ ಒತ್ತುತೀನಿ, ಯಾವುದು ಒತ್ತಬೇಕು ತೋರಿಸು ಅಂದ್ರು. ಮಾವ ಒಂದೊಂದೇ ಕೀ ಮೇಲೆ ಬೆರಳಿಟ್ಟು ತೋರಿಸಿದ್ರು, ಅಕ್ಕ ಒತ್ತಿದ್ರು. ಓ, ಓ, ಟಿ, ಎ. ಆಮೇಲೆ ಉದ್ದದ ಕೀ. ಎ, ವೈ, ಟಿ, ಎ. ಒಂದು ಕೀ ಮೇಲೆ ಬೆರಳು ಜಾಸ್ತಿ ಹೊತ್ತು ಇಟ್ಟಿದ್ದಕ್ಕೆ ಸಾಲುಸಾಲು ಎ ಬಂದ್ವಂತೆ, ಅದನ್ನ ಅಳಿಸೋಕೆ ಬಿಡಲಿಲ್ಲ, ಹೋಗಲಿ ಅಂದ್ರು. ಆ ಕಡೆಯಿಂದ ಉತ್ತರ ಬರೋಕೆ ಅಷ್ಟೇ ಹೊತ್ತು ಹಿಡೀತು. ಎರಡು ಕಡೆಯೂ ಒಂದೊಂದೇ ಅಕ್ಷರ. ಉಳಿದ ಐದು ಕಂಪ್ಯೂಟರ್‌ನೋರು ‘ಲೈನ್ ಸ್ಲೋ ಅಣ್ಣಾ’ ಅಂತ ಕೂಗ್ತಾನೇ ಇದ್ರು.

ಇಲ್ಲಿ ಒಂದು ಅಡ್ಡಮಾತು. 1973ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಅನ್ನೋ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಟಾಕೋಮ್ಯಾಟಿಕ್ ಅಂತ ಒಂದು ಪ್ರೋಗ್ರಾಮ್ ಇತ್ತು. ಚಾಟ್ ರೂಮ್‌ಗಳ ಮುತ್ತಜ್ಜ ಅನ್ನಬಹುದು. ಒಂದು ಚಾನೆಲ್‌ಗೆ ಐದೇ ಜನ. ಅದರಲ್ಲಿ ‘ಸೆಂಡ್’ ಅನ್ನೋದೇ ಇರಲಿಲ್ಲ, ನೀವು ಒತ್ತಿದ ಒಂದೊಂದು ಅಕ್ಷರವೂ ಒತ್ತಿದ ಕೂಡಲೇ ಎಲ್ಲರಿಗೂ ಕಾಣ್ತಿತ್ತು. ತಪ್ಪು ಮಾಡಿ ಅಳಿಸೋದೂ, ಮಧ್ಯ ತಡವರಿಸೋದೂ ಕಾಣ್ತಿತ್ತು. ಈಗ ನಮಗೆ ಮೂರು ಚುಕ್ಕಿ ಕುಣಿಯೋದಷ್ಟೇ ಕಾಣತ್ತೆ, ಅದನ್ನ ನೋಡ್ಕೊಂಡೇ ನಾವು ಎಷ್ಟು ಟೆನ್ಷನ್ ಮಾಡ್ಕೋತೀವಿ! ಟಾಕೋಮ್ಯಾಟಿಕ್ ಇದ್ದಿದ್ರೆ ಆ ಹುಡುಗನ ಎಡಗೈ ಮೊದಲ ದಿನವೇ ಗೊತ್ತಾಗ್ತಿತ್ತೇನೋ. ಓದೋರು ಮಾವನೇ ತಾನೇ, ಅದೂ ಡೌಟೇ.

2005ರ ಜೂನ್‌ನಲ್ಲಿ ಯಾಹೂ ಬಳಕೆದಾರರು ಮಾಡಿದ ರೂಮ್‌ಗಳನ್ನ ಮುಚ್ಚಿತು. ಕೆಲವು ರೂಮ್‌ಗಳಲ್ಲಿ ಮಕ್ಕಳನ್ನ ಗುರಿಮಾಡಿ ನಡೀತಿದ್ದ ಹೊಲಸು ಅಮೆರಿಕದ ಟಿವಿ ಸುದ್ದಿಯಲ್ಲಿ ಬಂದು, ಜಾಹೀರಾತು ಕೊಡ್ತಿದ್ದ ಕಂಪನಿಗಳು ಹಿಂದೆ ಸರಿದಿದ್ವು. ಮುಚ್ಚಿದ್ದು ಸರಿಯೇ. ನಮ್ಮೂರ ಹುಡುಗರು ಮೆಸೆಂಜರ್‌ಗೆ ಹೋದ್ರು, ಆಮೇಲೆ ಎಲ್ಲರ ಮನೆಗೂ ಮೊಬೈಲ್ ಬಂತು, ಸ್ಟೂಲ್‌ಗಳು ಖಾಲಿಯಾದ್ವು. 2012ರ ಡಿಸೆಂಬರ್‌ನಲ್ಲಿ ಯಾಹೂವಿನ ಉಳಿದ ಚಾಟ್ ರೂಮ್‌ಗಳೂ, 2018ರ ಜುಲೈನಲ್ಲಿ ಮೆಸೆಂಜರ್ರೂ ನಿಂತ್ವು. ಆ ಹೊತ್ತಿಗೆ ಮಾವ ಜೆರಾಕ್ಸ್ ಮಷೀನ್ ತಂದು ಎಂಟು ವರ್ಷ ಆಗಿತ್ತು.

ನನ್ನ ಪ್ರಾಜೆಕ್ಟ್ ಕಥೆ ಸ್ವಲ್ಪ ಬಾಕಿ ಇದೆ. ಪಾಂಗ್ ಸರಿಮಾಡಿದ ಮೇಲೆ ಲಿಬೆರಾ ನೆಟ್‌ವರ್ಕ್‌ನಲ್ಲಿ ಒಂದು ಸಣ್ಣ ಓಪನ್ ಸೋರ್ಸ್ ಪ್ರಾಜೆಕ್ಟ್‌ನ ಚಾನೆಲ್‌ಗೆ ಹೋದೆ. (ಲಿಬೆರಾ ಶುರುವಾಗಿದ್ದು 2021ರಲ್ಲಿ, ಫ್ರೀನೋಡ್ ಯಾರ ಹಿಡಿತದಲ್ಲಿರಬೇಕು ಅನ್ನೋ ಜಗಳದಲ್ಲಿ ಅಲ್ಲಿಯ ಸ್ವಯಂಸೇವಕರು ಎದ್ದು ಬಂದಾಗ. ಇಷ್ಟು ಹಳೇ ಮನೆಗೂ ಪಾಲು ಪಂಚಾಯ್ತಿ ಇರತ್ತೆ ನೋಡಿ.) ಎಂಬತ್ತು ಜನ ಇದ್ರು, ಎಂಬತ್ತೂ ಜನ ಮೌನ. ‘ಒಂದು ಪ್ರಶ್ನೆ ಕೇಳಬಹುದಾ’ ಅಂತ ಹಾಕಿದೆ. ಕೇಳಬಹುದಾ ಅಂತ ಕೇಳಬೇಡ, ಸುಮ್ಮನೆ ಕೇಳು ಅಂತ ಒಬ್ಬರು ಗದರಿದ್ರು. ಕನ್ನಡ ಮೀಡಿಯಂನಿಂದ ಬಂದವನು ನಾನು. ಫಸ್ಟ್ ಇಯರ್ ಪೂರ್ತಿ ಕ್ಲಾಸಲ್ಲಿ ಒಂದು ಡೌಟ್ ಕೇಳಿಲ್ಲ. ಮನಸ್ಸಲ್ಲಿ ವಾಕ್ಯ ಜೋಡಿಸೋ ಹೊತ್ತಿಗೆ ಸರ್ ಮುಂದಿನ ಸ್ಲೈಡ್‌ಗೆ ಹೋಗಿರ್ತಿದ್ರು. ಇಲ್ಲಿ ಆ ಭಯ ಇಲ್ಲ, ಹತ್ತು ನಿಮಿಷ ತಗೊಂಡು ತಿದ್ದಿ ತಿದ್ದಿ ಕೇಳಿದೆ. ರಾತ್ರಿ ಹನ್ನೊಂದು. ನಲವತ್ತು ನಿಮಿಷ ಕಾದೆ. ಯಾರೂ ಉಸಿರೆತ್ತಲಿಲ್ಲ. ನನ್ನ ಇಂಗ್ಲಿಷ್ ನೋಡಿ ನಕ್ಕಿರಬೇಕು ಅಂದ್ಕೊಂಡು ಲ್ಯಾಪ್‌ಟಾಪ್ ಮುಚ್ಚಿದೆ.

ಐಆರ್‌ಸಿಯಲ್ಲಿ ನೀವು ಎದ್ದು ಹೋದ್ರೆ, ಆಮೇಲೆ ಆಡಿದ ಮಾತು ನಿಮಗೆ ಸಿಗಲ್ಲ. ಸರ್ವರ್ ಯಾವುದನ್ನೂ ನಿಮಗೋಸ್ಕರ ಎತ್ತಿಡಲ್ಲ. ಆ ಚಾನೆಲ್‌ನ ಲಾಗ್ ಅವರ ವೆಬ್‌ಸೈಟಲ್ಲಿ ಇಡ್ತಾರೆ ಅಂತ ಗೊತ್ತಾಗಿದ್ದು ಎರಡು ವಾರದ ಮೇಲೆ. ಹುಡುಕಿ ನೋಡಿದ್ರೆ, ನಾನು ಹೋದ ಐದು ಗಂಟೆಗೆ ಒಬ್ಬರು ಬಂದು ಆರು ಸಾಲಿನ ಉತ್ತರ ಬರೆದಿದ್ದಾರೆ. ಚೆನ್ನಾಗಿ ಕೇಳಿದ್ದಾನೆ ಅಂತಲೂ ಬರೆದಿದ್ದಾರೆ. ಅವನು ಹೋಗಿಯಾಯ್ತು ಅಂತ ಇನ್ನೊಬ್ಬರು. ಮತ್ತೆ ಬಂದ್ರೆ ಹೇಳಿ ಅಂತ ಮೊದಲನೆಯವರು. ಅಷ್ಟೇ, ಎಂಬತ್ತು ಜನ ಮತ್ತೆ ಮೌನ. ಆ ಲಾಗ್ ಪೇಜನ್ನ ನಾನು ಎಷ್ಟು ಸಲ ಓದಿದೀನೋ ಲೆಕ್ಕ ಇಲ್ಲ. ನಕ್ಕಿರಬೇಕು ಅಂದ್ಕೊಂಡು ನಾನು ಎರಡು ವಾರ ಆ ಕಡೆ ತಲೆ ಹಾಕಿರಲಿಲ್ಲ.

ಪ್ರಾಜೆಕ್ಟ್‌ನಲ್ಲಿ ಕನ್ನಡವನ್ನೂ ಪರೀಕ್ಷೆ ಮಾಡಿದೆ, ಕನ್ನಡ ಸಂಘದ ಮರ್ಯಾದೆ ಪ್ರಶ್ನೆ. ಐಆರ್‌ಸಿಯ ಒಂದು ಸಾಲು 512 ಬೈಟ್ ಮೀರೋ ಹಾಗಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಆದ್ರೆ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಒತ್ತಿಗೆ, ದೀರ್ಘಕ್ಕೆ ಬೇರೆ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಒಂಬತ್ತು ಬೈಟ್‌ನಲ್ಲಿ ಮುಗಿಯೋ ‘ಊಟ ಆಯ್ತಾ’ ಕನ್ನಡದಲ್ಲಿ ಇಪ್ಪತ್ತೆರಡು ಬೈಟ್. ಉದ್ದದ ಸಾಲು ಕಳಿಸಿದ್ರೆ ಅಕ್ಷರದ ನಡುವೆಯೇ ಕತ್ತರಿ ಬಿದ್ದು, ಕೊನೆಯಲ್ಲಿ ಕಪ್ಪು ವಜ್ರದೊಳಗೆ ಒಂದು ಪ್ರಶ್ನೆ ಚಿಹ್ನೆ ಬರತ್ತೆ. ಸಾಲನ್ನ ಸರಿಯಾದ ಜಾಗದಲ್ಲಿ ಮುರಿಯೋ ಕೋಡ್ ಬರೆದೆ. ವೈವಾದಲ್ಲಿ ಮಾರ್ಕ್ಸ್ ಬಂದಿದ್ದು ಅದಕ್ಕೇ.

ಸೆಮ್ ಮುಗಿದ ಮೇಲೆ ಮಾವನ ಅಂಗಡಿಗೆ ಲ್ಯಾಪ್‌ಟಾಪ್ ತಗೊಂಡು ಹೋಗಿ ತೋರಿಸಿದೆ. ಪಿಂಗ್ ಬಂದಾಗ ಸ್ಕ್ರೀನ್ ಮೇಲೆ ಕಾಣೋ ಹಾಗೆ ಮಾಡಿದ್ದೆ. ಮಾವ ಕನ್ನಡಕ ಏರಿಸಿ ಸುಮಾರು ಹೊತ್ತು ನೋಡಿದ್ರು. ಯಾರೂ ಮಾತಾಡ್ತಿಲ್ಲ, ಇದೊಂದು ಮಾತ್ರ ಆಗಾಗ ಬರ್ತಾ ಇದೆ.

“ಇದನ್ನ ಯಾರು ಕೇಳ್ತಿರೋದು?”

“ಯಾರೂ ಅಲ್ಲ ಮಾವ, ಸರ್ವರ್.”

ಒಬ್ಬರು ಆಧಾರ್ ಜೆರಾಕ್ಸ್‌ಗೆ ಬಂದ್ರು, ಮಾವ ಎದ್ದು ಹೋಗಿ ಎರಡು ಕಾಪಿ ತೆಗೆದುಕೊಟ್ಟು, ಚಿಲ್ಲರೆ ಎಣಿಸಿ, ವಾಪಸ್ ಬಂದು ಕೂತ್ರು.

“ಆ ಹೂವಿನಕ್ಕನ ಕಥೆ ಹೇಳಿದ್ನಲ್ಲ. ಅವನು ಕೈ ಮುರ್ಕೊಳ್ಳೋಕ್ ಮುಂಚಿನ ಮಾತಿದು. ಹುಡುಗ ಡ್ಯೂಟಿ ಮಾಡಿ ಸುಸ್ತಾಗಿರೋನು, ಕೆಲವು ವಾರ ದುಡ್ಡಿನ ವಿಷಯ ಎರಡು ಮಾತಾಡಿ ಸುಮ್ಮನಾಗಿಬಿಡೋನು. ಅಕ್ಕ ಕಾಯ್ತಾ ಕೂರೋರು. ಆಗ ನಾನೇ, ‘ಊಟ ಆಯ್ತಾ ಅಂತ ಕೇಳ್ತಿದಾನೆ ಅಕ್ಕಾ’ ಅಂದುಬಿಡ್ತಿದ್ದೆ. ‘ಆಯ್ತು ಅನ್ನು, ಅವನ್ದಾಯ್ತಾ ಕೇಳು’ ಅನ್ನೋರು. ಅದನ್ನ ಹಾಕ್ತಿದ್ದೆ. ಒಂದ್ಸಲ ಆ ಕಡೆಯಿಂದ, ನಾನೇನೂ ಕೇಳ್ಲಿಲ್ವಲ್ಲ ಅಂತ ಬಂತು.”

“ಆಮೇಲೆ?”

“ಆಮೇಲಿನ ವಾರದಿಂದ ಅವನೇ ಕೇಳೋಕೆ ಶುರು ಮಾಡ್ದ” ಅಂದ್ರು ಮಾವ. ಅಷ್ಟರಲ್ಲಿ ಇನ್ನೊಬ್ಬರು ಪ್ರಿಂಟ್‌ಔಟ್‌ಗೆ ಬಂದ್ರು.